ಐದು ಎಣಿಸುವವರೆಗೆ

ರಾಜಾಜಿನಗರದ ಆ ಮನೆಗೆ ನಾನು ವಿಶೇಷ ಶಿಕ್ಷಕಿಯಾಗಿ ಹೋಗತೊಡಗಿದಾಗ ಹುಡುಗನಿಗೆ 7 ವರ್ಷ, ಅವನ ಅಕ್ಕನಿಗೆ 11. ಆಟಿಸಂ ಇದ್ದ ಆ ಹುಡುಗನಿಗೆ ಓದಲು ಬಾರದು ಎನ್ನುವಂತಿರಲಿಲ್ಲ. ಅಂಗಡಿಯ ಫಲಕ, ಬಿಎಂಟಿಸಿ ಬಸ್ಸಿನ ಬೋರ್ಡು, ಮಾತ್ರೆಯ ಡಬ್ಬಿ, ಯಾವುದು ಕಂಡರೂ ಒಂದು ಒತ್ತಕ್ಷರವೂ ತಪ್ಪದಂತೆ ಓದುತ್ತಿದ್ದ. ಆದರೆ ಕಥೆ ಮುಗಿಸಿ "ಮರದಿಂದ ಯಾರು ಬಿದ್ದರು?" ಎಂದು ಕೇಳಿದರೆ, "ಯಾರು ಬಿದ್ದರು" ಎಂದು ನನ್ನ ಪ್ರಶ್ನೆಯನ್ನೇ ಹಿಂದಿರುಗಿಸುತ್ತಿದ್ದ. ಉಚ್ಚಾರಣೆ ಅರ್ಥವನ್ನು ಬಹಳ ಹಿಂದೆ ಬಿಟ್ಟು ಓಡುವ ಇದಕ್ಕೆ ಹೈಪರ್‌ಲೆಕ್ಸಿಯಾ ಎನ್ನುತ್ತಾರೆ. ಶಾಲೆಯಲ್ಲಿ ಮಾತ್ರ "ಚೆನ್ನಾಗಿಯೇ ಓದುತ್ತಾನಲ್ಲ" ಎಂದು ಸುಮ್ಮನಾಗಿದ್ದರು.

ನಾನು ಅವನೊಂದಿಗೆ ಇರುತ್ತಿದ್ದುದು ವಾರಕ್ಕೆ ಎರಡು ಗಂಟೆ. ಅಕ್ಕ ದಿನವೂ ಇರುತ್ತಿದ್ದಳು. ಆದ್ದರಿಂದ ಅವಳನ್ನು ಸೇರಿಸಿಕೊಳ್ಳಲು ತೀರ್ಮಾನಿಸಿದೆ, ಮತ್ತು ಆರಂಭದಲ್ಲೇ ತಪ್ಪು ಮಾಡಿದೆ. ಅವಳ ಕೈಗೆ ಪ್ರಶ್ನೆಗಳ ಪಟ್ಟಿಯನ್ನೂ ನಕ್ಷತ್ರದ ಸ್ಟಿಕ್ಕರುಗಳನ್ನೂ ಕೊಟ್ಟುಬಿಟ್ಟೆ. ವಾರದೊಳಗೆ ಅವಳು ಪುಟ್ಟ ಟೀಚರ್ ಆಗಿಬಿಟ್ಟಳು: "ಹೇಳೋ, ನಿನ್ನೆ ಹೇಳಿದ್ಯಲ್ಲ!" ಮೂರನೇ ವಾರ ಅವನು ಪುಸ್ತಕ ಮುಚ್ಚಿ ಮಂಚದ ಕೆಳಗೆ ಸೇರಿಕೊಂಡ. ಅದೇ ಸಂಜೆ ಅಡುಗೆಮನೆಯಿಂದ "ನಂಗೂ ಹೋಮ್‌ವರ್ಕ್ ಇದೆ ಅಮ್ಮಾ" ಎಂಬ ಮಾತು ನನ್ನ ಕಿವಿಗೂ ಬಿತ್ತು.

ಪಟ್ಟಿಯನ್ನು ವಾಪಸು ಪಡೆದೆ. ಚಿತ್ರಪುಸ್ತಕವನ್ನು ಮಗುವಿನೊಂದಿಗೆ ಮಾತನಾಡುತ್ತಾ ಓದುವ, ಮಗು ಆಡಿದ ಮಾತನ್ನು ಹಿಗ್ಗಿಸಿ ಹೇಳುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಎರಡನ್ನು ಮಾತ್ರ ಅಕ್ಕನಿಗಾಗಿ ಉಳಿಸಿಕೊಂಡೆ: ಕಾಯುವುದು, ಒಂದು ಮಾತು ಸೇರಿಸುವುದು. ತಾನು ಹೇಳಿದ ಮೇಲೆ ಅವಳು ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು. ಅವನು "ಮಂಗ" ಎಂದರೆ "ಹೌದು, ಮಂಗ ಬಿತ್ತು" ಎಂದು ಮುಂದಕ್ಕೆ ಹೋಗಬೇಕು. ಹನ್ನೊಂದು ವರ್ಷದವಳಿಗೆ ಕಾಯುವುದೇ ಕಷ್ಟವಾಯಿತು. ಮನಸ್ಸಿನಲ್ಲಿ ಎಣಿಸು ಎಂದರೆ ತುಟಿಯಾಡಿಸಿ ಪಿಸುಗುಡುತ್ತಿದ್ದಳು.

ಪ್ರಶ್ನೆಗಳನ್ನೇ ಕೈಬಿಟ್ಟದ್ದು ಅದಕ್ಕಿಂತ ದೊಡ್ಡ ಬದಲಾವಣೆ. ಕೇಳಿದ್ದನ್ನೇ ಮರುನುಡಿಯುವ ಮಗು ಪ್ರಶ್ನೆಯನ್ನು ಮರುನುಡಿಯುತ್ತದೆ, ಅರ್ಧಕ್ಕೆ ನಿಂತ ವಾಕ್ಯವನ್ನು ಪೂರ್ತಿ ಮಾಡುವ ಸಂಭವ ಹೆಚ್ಚು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ "ಮಂಗ ಮರದಿಂದ..." ಎಂದು ಅಕ್ಕ ನಿಲ್ಲಿಸಿದರೆ ಏನಾಯಿತೆಂಬುದು ತಾನಾಗಿಯೇ ತಮ್ಮನ ಪಾಲಿಗೆ ಬರುತ್ತಿತ್ತು. ಯಾರು ಎಂಬುದನ್ನು ಅವನಿಂದ ಹೇಳಿಸಲು ಮಾತ್ರ ವಾಕ್ಯವನ್ನು ತಿರುಗಿಸಬೇಕಿತ್ತು: "ಮರದಿಂದ ಬಿದ್ದದ್ದು..." ಇದು ನನಗೆ ಹೊಳೆದದ್ದಲ್ಲ, ಅಕ್ಕ ಕಂಡುಕೊಂಡದ್ದು.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಉಚಿತವಾಗಿ ಸಿಗುವ ಮೊದಲ ಹಂತದ ಕನ್ನಡ ಕಥೆಗಳನ್ನು ಬಳಸಿದೆವು. ಆದರೆ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಮನೆಯಲ್ಲೇ ಹೊಲಿದ ಐದು ಹಾಳೆಯ ಪುಸ್ತಕ. ಹುಡುಗ ಮೆಟ್ರೊದ "ಮುಂದಿನ ನಿಲ್ದಾಣ" ಎಂಬ ಘೋಷಣೆಯನ್ನು ದಿನವಿಡೀ ಹೇಳಿಕೊಳ್ಳುತ್ತಿದ್ದ, ಮನೆಯವರು ಅದನ್ನು ಬಿಡಿಸಲು ಹೆಣಗುತ್ತಿದ್ದರು. ನಾವು ಅದನ್ನೇ ಪುಸ್ತಕ ಮಾಡಿದೆವು: ರಾಜಾಜಿನಗರದಿಂದ ಮೆಜೆಸ್ಟಿಕ್‌ವರೆಗೆ, ನಿಲ್ದಾಣಕ್ಕೊಂದು ಫೋಟೊ, ಪುಟಕ್ಕೊಂದು ವಾಕ್ಯ. ಅಕ್ಕ "ಮುಂದಿನ ನಿಲ್ದಾಣ" ಎಂದರೆ ತಮ್ಮ "ಶ್ರೀರಾಂಪುರ" ಎನ್ನಬೇಕು, ಮರುಪುಟದಲ್ಲಿ ಸರದಿ ಅದಲುಬದಲು. ಒಮ್ಮೆ ಅವಳು ಬೇಕೆಂದೇ ಕುವೆಂಪು ರಸ್ತೆಯಾದ ಮೇಲೆ ಮೆಜೆಸ್ಟಿಕ್ ಎಂದಳು. ಅವನು ಪುಸ್ತಕದಿಂದ ತಲೆಯೆತ್ತಿ, ಅವಳ ಮುಖವನ್ನೇ ನೋಡಿ, "ಅಲ್ಲ, ಶ್ರೀರಾಂಪುರ" ಎಂದ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ನಾನು ಯಾವ ಮಗುವನ್ನೂ ಒತ್ತಾಯಿಸುವುದಿಲ್ಲ. ಅಂದು ಅವನಿಗೆ ನೋಡುವುದಕ್ಕೊಂದು ಕಾರಣವಿತ್ತು. ಸರದಿಯ ಪಾಠ ಮುಂದೆ ಚೌಕಾಬಾರಕ್ಕೂ ಹೋಯಿತು, ಸರದಿ ಮುಗಿದಾಗ ಕವಡೆಗಳನ್ನು ಬಿಟ್ಟುಕೊಡುವುದು ಮಾತ್ರ ಅವನಿಗೆ ಕೊನೆಗೂ ಇಷ್ಟವಾಗಲಿಲ್ಲ.

ಓದು ದಿನಕ್ಕೆ 15 ನಿಮಿಷ ಮೀರುತ್ತಿರಲಿಲ್ಲ. "ಇವತ್ತು ಬೇಡ" ಎನ್ನುವ ಹಕ್ಕು ಅಕ್ಕನಿಗಿತ್ತು, ಕಾರಣ ಕೇಳಬಾರದೆಂದು ತಾಯಿಗೆ ಹೇಳಿದ್ದೆ. ಶನಿವಾರ ಸಂಜೆಯ ಅರ್ಧ ಗಂಟೆ ತಾಯಿ ಮತ್ತು ಮಗಳಿಗೆ ಮಾತ್ರ ಮೀಸಲು. ಈ ಎರಡಕ್ಕೂ ಒಪ್ಪದ ಮನೆಗಳಲ್ಲಿ ನಾನು ಅಕ್ಕ, ಅಣ್ಣಂದಿರನ್ನು ಈ ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿದ್ದೇನೆ.

ಕೆಲವು ತಿಂಗಳ ನಂತರ ನಾನು ಹೋದಾಗ ಅಕ್ಕ ತನ್ನ ಪಾಠ ಬರೆಯುತ್ತಿದ್ದಳು. ತಮ್ಮ ಅವಳ ಮುಂದೆ ಪುಸ್ತಕ ಹಿಡಿದು ನಿಂತು "ಮುಂದಿನ ನಿಲ್ದಾಣ" ಎಂದು ಹೇಳಿ ನಿಲ್ಲಿಸಿದ. ಅವಳು ತಲೆಯೆತ್ತದೆ "ಆಮೇಲೆ ಕಣೋ" ಎಂದಳು. ಅವನು ಥೇಟ್ ಅವಳಂತೆಯೇ ತುಟಿಯಾಡಿಸುತ್ತಾ ಒಂದರಿಂದ ಐದರವರೆಗೆ ಎಣಿಸಿದ. ಅವಳು ಏಳದಿರುವುದನ್ನು ಕಂಡು ಮತ್ತೆ ಒಂದರಿಂದ ಶುರುಮಾಡಿದ.