ದೋಣಿಯ ಮರದ ನೆಲಕ್ಕೆ ಎಣ್ಣೆ ಬಿತ್ತಾ? ಉಜ್ಜಬೇಡಿ, ಮೊದಲು ಹೀರಿಸಿ

ಎಂಜಿನ್ನಿಗೆ ಆಯಿಲ್ ಹಾಕುವಾಗ ಡಬ್ಬಿ ಜಾರಿತು, ಡೀಸೆಲ್ ಪೈಪು ಸೋರಿತು, ಒಲೆಯ ಮೇಲಿನ ಬಾಣಲೆ ಅಲೆಗೆ ಮಗುಚಿತು. ಕಾರಣ ಯಾವುದಾದರೂ ಇರಲಿ, ಎಣ್ಣೆ ಬಿದ್ದ ತಕ್ಷಣ ನಮ್ಮ ಕೈ ಹೋಗುವುದು ಬಕೆಟ್ಟು, ಬ್ರಷ್ಷಿನ ಕಡೆಗೆ. ಕೆಲಸ ಕೆಡುವುದೇ ಅಲ್ಲಿ. ನೀರು ಸುರಿದು ಗಸಗಸ ತಿಕ್ಕಿದರೆ ಅಂಗೈ ಅಗಲದ ಕಲೆ ಮೊರದಗಲ ಆಗುತ್ತದೆ. ಮರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರುತ್ತವೆ. ಎಣ್ಣೆ ಅವುಗಳೊಳಗೆ ತಾನಾಗಿಯೇ ಇಳಿಯುತ್ತದೆ, ನಾವು ತಿಕ್ಕಿದರೆ ಇನ್ನೂ ಬೇಗ ಇಳಿಯುತ್ತದೆ. ಆದ್ದರಿಂದ ಮೊದಲು ಹೀರಿಸಬೇಕು. ತೊಳೆಯುವುದು ಆಮೇಲಿನ ಮಾತು.

ಈಗಷ್ಟೇ ಬಿದ್ದಿದ್ದರೆ

ಹಳೆಯ ಹತ್ತಿ ಬಟ್ಟೆ ಅಥವಾ ಟಿಶ್ಯೂ ಪೇಪರ್ ಕಲೆಯ ಮೇಲಿಟ್ಟು ಒತ್ತಿ. ಎಳೆಯಬೇಡಿ, ಸುಮ್ನೆ ಒತ್ತಿ ಎತ್ತಿ. ಬಟ್ಟೆಗೆ ಎಣ್ಣೆ ಹತ್ತುವುದು ನಿಂತ ಮೇಲೆ ಟಾಲ್ಕಂ ಪೌಡರ್, ಕಾರ್ನ್ ಫ್ಲೋರ್, ಸೀಮೆಸುಣ್ಣದ ಪುಡಿ, ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಧಾರಾಳವಾಗಿ ಸುರಿಯಿರಿ. ಜಿಪುಣತನ ಬೇಡ. ಮರ ಕಾಣದ ಹಾಗೆ ಮುಚ್ಚಬೇಕು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಪುಡಿ ಹಳದಿ ತಿರುಗಿ ಅಲ್ಲಲ್ಲಿ ಗಂಟು ಕಟ್ಟಿರುತ್ತದೆ. ಒಣ ಬ್ರಷ್ಷಿನಿಂದ ಗುಡಿಸಿ, ಹೊಸ ಪುಡಿ ಹಾಕಿ. ಪುಡಿ ಬೆಳ್ಳಗೇ ಉಳಿಯುವವರೆಗೆ ಇದೇ ಕೆಲಸ. ಹೊಸ ಕಲೆಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಅದು ಎಣ್ಣೆಯೇ ಹೌದಾ?

ಹಳೆಯ ಕಲೆಯಾದರೆ ಇದನ್ನು ಮೊದಲು ಕೇಳಿಕೊಳ್ಳಿ. ದೋಣಿಯ ನೆಲದಲ್ಲಿ ಕಾಣುವ ಕಪ್ಪೆಲ್ಲ ಎಣ್ಣೆಯಲ್ಲ. ಸ್ಕ್ರೂ ಸುತ್ತ ನೀಲಿಗಪ್ಪು ಉಂಗುರ ಇದ್ದರೆ ಅದು ಕಬ್ಬಿಣದ ಕಲೆ. ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿದಾಗ ಹಾಗಾಗುತ್ತದೆ. ತೇವ ಆರದ ಮೂಲೆಯಲ್ಲಿ ಚುಕ್ಕೆಚುಕ್ಕೆಯಾಗಿ ಹರಡಿದ್ದರೆ ಬೂಷ್ಟು.

ಬರಿಮರವಾದರೆ ಕಲೆಯ ಮೇಲೊಂದು, ಪಕ್ಕದ ಚೊಕ್ಕ ಜಾಗದಲ್ಲೊಂದು ಹನಿ ನೀರು ಬಿಡಿ. ಚೊಕ್ಕ ಜಾಗದ ಹನಿ ಇಂಗಿ, ಕಲೆಯ ಮೇಲಿನದು ಮಣಿಯ ಹಾಗೆ ನಿಂತರೆ ಅಲ್ಲಿರುವುದು ಎಣ್ಣೆ. ಇದನ್ನು ನೋಡದೆ ಆಕ್ಸಾಲಿಕ್ ಆಮ್ಲ ತಂದು ಹಚ್ಚುವವರು ಬಹಳ. ಅದು ಕಬ್ಬಿಣದ ಕಲೆಗೆ ಒಳ್ಳೆಯ ಮದ್ದು, ಎಣ್ಣೆಗೆ ಏನೂ ಮಾಡುವುದಿಲ್ಲ. ಮೇಲಾಗಿ ವಿಷ.

ವಾರ್ನಿಷ್ ಇದ್ದರೆ

ವಾರ್ನಿಷ್ ಪದರ ಗಟ್ಟಿಯಾಗಿದ್ದರೆ ನೀವು ಅದೃಷ್ಟವಂತರು. ಎಣ್ಣೆ ಮೇಲೆಯೇ ನಿಂತಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಜಿಡ್ಡು ಉಳಿದರೆ ಬಟ್ಟೆಗೆ ಬಣ್ಣದಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಸ್ವಲ್ಪ ಹಚ್ಚಿ ಒರೆಸಿ. ಅಸಿಟೋನ್, ಥಿನ್ನರ್ ಬೇಡ, ವಾರ್ನಿಷ್ಷೇ ಕಿತ್ತು ಬರುತ್ತದೆ. ಗೀರು ಬಿದ್ದ ಕಡೆ ಮಾತ್ರ ಎಣ್ಣೆ ಒಳಗೆ ಇಳಿದು ಮರ ಕಪ್ಪಾಗಿರುತ್ತದೆ. ಅಷ್ಟು ಜಾಗವನ್ನು ಬರಿಮರ ಅಂತಲೇ ತಿಳಿದು ಮುಂದಿನ ಹಂತಕ್ಕೆ ಹೋಗಿ.

ಹಳೆಯ ಕಲೆಗೆ ಪಟ್ಟು ಹಾಕುವುದು

ಕುರುವಿಗೆ ಪಟ್ಟು ಹಾಕಿ ಕೀವು ಎಳೆಯುತ್ತಾರಲ್ಲ, ಹಾಗೇ ಇದು. ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್‌ಗೆ ಮಿನರಲ್ ಟರ್ಪೆಂಟೈನ್ ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಚಮಚ ಓರೆ ಮಾಡಿದರೆ ಜಾರಬಾರದು, ಒತ್ತಿದರೆ ಹರಡಬೇಕು. ಆ ಹದ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದಿಷ್ಟು ಹಚ್ಚಿ ಪರೀಕ್ಷಿಸಿ. ತೊಂದರೆ ಇಲ್ಲ ಅನ್ನಿಸಿದರೆ ಕಲೆಯ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಇರಲಿ.

ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಿ. ಟರ್ಪೆಂಟೈನ್ ಒಳಗೆ ಇಳಿದು ಹಳೆಯ ಎಣ್ಣೆಯನ್ನು ಕರಗಿಸುತ್ತದೆ. ಮರುದಿನ ಪಟ್ಟನ್ನು ಹಾಗೇ ಬಿಟ್ಟು ಪ್ಲಾಸ್ಟಿಕ್ ಮಾತ್ರ ತೆಗೆಯಿರಿ. ಇಲ್ಲಿ ಆತುರ ಬಿದ್ದು ಪಟ್ಟನ್ನೂ ಕೆರೆದು ಹಾಕುವವರೇ ಜಾಸ್ತಿ. ನಿಜವಾಗಿ ಎಳೆಯುವ ಕೆಲಸ ಶುರುವಾಗುವುದೇ ಈಗ. ಪಟ್ಟು ಮೇಲಿನಿಂದ ಒಣಗುತ್ತಾ ಹೋದ ಹಾಗೆ ದ್ರವ ಕೆಳಗಿನಿಂದ ಮೇಲೆ ಬರುತ್ತದೆ, ಬರುವಾಗ ಎಣ್ಣೆಯನ್ನೂ ಹೊತ್ತು ತಂದು ಪುಡಿಯಲ್ಲಿ ಬಿಟ್ಟು ತಾನು ಆರಿಹೋಗುತ್ತದೆ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಿ. ಅಡಿಭಾಗ ಕಂದಾಗಿದ್ದರೆ ಪಟ್ಟು ಕೆಲಸ ಮಾಡಿದೆ ಅಂತ ಅರ್ಥ. ಹಳೆಯ ಕಲೆ ಒಂದೇ ಪಟ್ಟಿಗೆ ಹೋಗುವುದು ಅಪರೂಪ, ಇನ್ನೊಂದು ಹಾಕಿ.

ಹಲಗೆಗಳ ನಡುವಿನ ಕಪ್ಪು ರಬ್ಬರ್ ಪಟ್ಟಿಯ ಮೇಲೆ ಮೊದಲೇ ಟೇಪ್ ಹಚ್ಚಿಡಿ. ಇಂಥ ದ್ರವ ತಾಗಿದರೆ ಅದು ಮೆತ್ತಗಾಗಿ ಬಿಟ್ಟುಕೊಳ್ಳಬಹುದು. ಆಮೇಲೆ ನೀರು ಸೋರುವ ತಲೆನೋವು ಬೇರೆ.

ಪೆಟ್ರೋಲ್ ಮಾತ್ರ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತರೆ ಸುಲಭಕ್ಕೆ ಹೊರಗೆ ಹೋಗುವುದಿಲ್ಲ, ಒಂದು ಕಿಡಿ ಸಾಕು. ಟರ್ಪೆಂಟೈನ್ ಬಳಸುವಾಗಲೂ ಎಂಜಿನ್, ಒಲೆ ಆರಿಸಿ, ಬ್ಯಾಟರಿ ಸ್ವಿಚ್ ಆಫ್ ಮಾಡಿ, ಗಾಳಿ ಆಡುವಂತೆ ಎಲ್ಲ ತೆರೆದಿಡಿ. ಕೈಗೆ ಗ್ಲೌಸ್ ಇರಲಿ.

ಈಗ ತೊಳೆಯಿರಿ

ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್. ಉಜ್ಜುವುದು ಮರದ ಎಳೆಗೆ ಅಡ್ಡವಾಗಿ. ಹಲಗೆಯನ್ನು ಹತ್ತಿರದಿಂದ ನೋಡಿ: ಗಟ್ಟಿ ಗೆರೆಗಳ ನಡುವೆ ಮೆತ್ತನೆಯ ಮರ ಇರುತ್ತದೆ. ಗಡಸು ಬ್ರಷ್ಷಿನಿಂದ ಎಳೆಯ ಉದ್ದಕ್ಕೇ ತಿಕ್ಕಿದರೆ ಮೆತ್ತನೆಯದು ಕಿತ್ತುಬಂದು ನೆಲವೆಲ್ಲ ಸಾಲುಸಾಲು ಗುಳಿಯಾಗುತ್ತದೆ. ಪ್ರೆಷರ್ ವಾಷರ್ ಮಾಡುವ ಹಾನಿಯೂ ಇದೇ. ಬ್ಲೀಚಿಂಗ್ ಎಣ್ಣೆಯನ್ನು ತೆಗೆಯುವುದಿಲ್ಲ, ಮರವನ್ನು ಮಾತ್ರ ಹಾಳು ಮಾಡುತ್ತದೆ.

ನೊರೆಯನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿ. ಪೈಪು ಹಿಡಿದು ನೀರಿಗೆ ಬಿಡಬೇಡಿ. ಸೋಪು ಹಾಕಿದರೆ ಎಣ್ಣೆ ಮಾಯವಾಗುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಬೆರೆಯುತ್ತದೆ, ಅಷ್ಟೇ. ನೀರಿಗೆ ಎಣ್ಣೆ ಬಿಡುವುದು ಬಹಳ ದೇಶಗಳಲ್ಲಿ ಅಪರಾಧವೂ ಹೌದು.

ಕಲೆ ಮತ್ತೆ ಬಂದರೆ

ವಾರದಲ್ಲೇ ಅದೇ ಜಾಗ ಕಪ್ಪಾಯಿತಾ? ಹಲಗೆ ಎತ್ತಿ ಕೆಳಗೆ ನೋಡಿ. ಎಂಜಿನ್ ಸೋರಿ, ತಳದ ನೀರಿನ ಮೇಲೆ ಎಣ್ಣೆ ತೇಲಿ, ದೋಣಿ ಅಲ್ಲಾಡಿದಾಗಲೆಲ್ಲ ಹಲಗೆಯ ಅಡಿಗೆ ಬಡಿಯುತ್ತಿರುತ್ತದೆ. ಹಲಗೆಯ ಕೊಯ್ದ ತುದಿಗಳು ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತವೆ. ಸೋರಿಕೆ ನಿಲ್ಲಿಸದೆ ಮೇಲೆ ಎಷ್ಟು ಪಟ್ಟು ಹಾಕಿದರೂ ವ್ಯರ್ಥ, ಅಲ್ವಾ? ಎಂಜಿನ್ ಕೆಳಗೆ ತಟ್ಟೆ ಇಡಿ. ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಹೀರುವ ಪಾಲಿಪ್ರೊಪಿಲೀನ್ ಪ್ಯಾಡುಗಳು ಸಿಗುತ್ತವೆ, ತಳದಲ್ಲಿ ಒಂದೆರಡು ಹಾಕಿಡಿ. ಹಲಗೆಯ ಅಡಿಗೂ ತುದಿಗೂ ಪಟ್ಟು ಹಾಕಿ.

ಕೊನೆಯ ಕೈ

ಸ್ಯಾಂಡ್‌ಪೇಪರ್ ಹಿಡಿಯುವುದಾದರೆ ಎಣ್ಣೆ ಬಿಟ್ಟ ಮೇಲೆಯೇ. ಮೊದಲೇ ಉಜ್ಜಿದರೆ ಜಿಡ್ಡು ಪುಡಿ ಕಾಗದಕ್ಕೆ ಮೆತ್ತಿಕೊಂಡು ಎರಡು ನಿಮಿಷದಲ್ಲಿ ಅದು ಕೆಲಸಕ್ಕೆ ಬಾರದು. ಕ್ಯಾಬಿನ್ ಒಳಗಿನ ನೆಲದಲ್ಲಿ ಇನ್ನೂ ಹುಷಾರು. ಅಲ್ಲಿ ಸಾಮಾನ್ಯವಾಗಿ ಇರುವುದು ಪ್ಲೈವುಡ್ ಮೇಲಿನ ತೆಳು ತೇಗದ ಪದರ, ಕೆಲವೆಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ಬಿಸಿಲಿಗೆ ಬೂದುಬಣ್ಣವಾದ ತೇಗದಲ್ಲಿ ತೊಳೆದ ಜಾಗ ಮಾತ್ರ ಹೊಂಬಣ್ಣವಾಗಿ ಎದ್ದು ಕಾಣುತ್ತದೆ. ಹಾಗಾಗಿ ಆ ಹಲಗೆಯನ್ನು ತುದಿಯಿಂದ ತುದಿಗೆ ತೊಳೆಯುವುದು ವಾಸಿ. ಬಳಸಿದ ಎಂಜಿನ್ ಆಯಿಲ್ಲಿನಲ್ಲಿ ಮಸಿ ಇರುತ್ತದೆ, ಅದರ ಮಸುಕು ನೆರಳು ಉಳಿದರೆ ಬಿಟ್ಟುಬಿಡಿ. ಅದಕ್ಕಾಗಿ ಮರ ಸವೆಸುವುದು ದಂಡ.

ವಾರ್ನಿಷ್ ಮತ್ತೆ ಹೊಡೆಯುವ ಮೊದಲು ನೀರಿನ ಹನಿಯ ಪರೀಕ್ಷೆ ಇನ್ನೊಮ್ಮೆ ಮಾಡಿ, ಒಣಗಿಸಿ, ಬರಿಮರವನ್ನಷ್ಟೇ ಅಸಿಟೋನ್‌ನಲ್ಲಿ ಒರೆಸಿ. ಜಿಡ್ಡು ಉಳಿದಿದ್ದರೆ ವಾರ್ನಿಷ್ ಅಲ್ಲಲ್ಲಿ ಹಿಡಿಯದೆ ಸಣ್ಣ ಗುಳಿ ಬೀಳುತ್ತದೆ. ವಾರ್ನಿಷ್ ಬದಲು ಅಗಸೆ ಎಣ್ಣೆ, ತೇಗದ ಮರಕ್ಕೆ ಹಚ್ಚುವ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ದೋಣಿಯಿಂದ ಹೊರಗೆ ತಂದು ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ವಿಲೇವಾರಿ ಮಾಡಿ.