ಮೋಷನ್ ಕಂಟ್ರೋಲ್ ತಪ್ತಿದ್ಯಾ? ಆಪರೇಷನ್‌ಗೆ ಒಪ್ಕೊಳ್ಳೋ ಮುಂಚೆ ಇಷ್ಟು ಮಾಡಿ

ಟಾಯ್ಲೆಟ್‌ಗೆ ಓಡೋಷ್ಟರಲ್ಲಿ ಬಟ್ಟೆ ಹಾಳಾಗತ್ತೆ ಅನ್ನೋದನ್ನ ಜನ ಕಟ್ಕೊಂಡವರ ಹತ್ರಾನೂ ಹೇಳ್ಕೊಳ್ಳಲ್ಲ, ವರ್ಷಗಟ್ಟಲೆ ಪ್ಯಾಡ್ ಇಟ್ಕೊಂಡು ಎಲ್ಲಿಗೂ ಹೋಗ್ದೆ ಮನೇಲೇ ಇದ್ಬಿಡ್ತಾರೆ. ದಯವಿಟ್ಟು ಹಾಗ್ ಮಾಡ್ಬೇಡಿ, ಇದಕ್ಕೆ ಟ್ರೀಟ್ಮೆಂಟ್ ಇದೆ.

ಮೊದಲು ಎರಡು ವಾರ ಒಂದು ಡೈರಿ ಬರೀರಿ. ಹೀಗೆ: "ಬೆಳಿಗ್ಗೆ 7:10, ತೆಳ್ಳಗೆ, ಅರ್ಜೆಂಟ್ ಅನ್ನಿಸ್ತು, ಬಾಗಿಲ ಹತ್ರಾನೇ ಆಗೋಯ್ತು." "ಸಂಜೆ 4, ಗೊತ್ತೇ ಆಗ್ಲಿಲ್ಲ, ಬಟ್ಟೇಲಿ ಕಲೆ." ಈ ಎರಡೂ ಒಂದೇ ತರ ಕಂಡ್ರೂ ಬೇರೆ ಬೇರೆ. ಗೊತ್ತಾಗಿಯೂ ತಡ್ಕೊಳ್ಳೋಕಾಗ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಗುದದ್ವಾರದ ಸುತ್ತ ನಾವು ಬೇಕಂತ ಬಿಗಿ ಹಿಡಿಯೋ ಹೊರಗಿನ ಸ್ನಾಯು ವೀಕ್ ಆಗಿರತ್ತೆ, ಗೊತ್ತೇ ಆಗ್ದೆ ಸೋರಿದ್ರೆ ತಾನಾಗೇ ಬಿಗಿಯಾಗಿರೋ ಒಳಗಿನ ಸ್ನಾಯು ಮೇಲೆ ಅನುಮಾನ. ಇನ್ನು ಕೆಲವರಿಗೆ ಒಳಗೆ ಗಟ್ಟಿ ಮಲ ಸಿಕ್ಕಾಕೊಂಡು ಅದರ ಪಕ್ಕದಿಂದ ನೀರು ನೀರಾಗಿ ಸೋರ್ತಿರತ್ತೆ, ಅವರಿಗೆ ಬೇಕಿರೋದು ಮಲಬದ್ಧತೆಗೆ ಔಷಧಿ, ಆಪರೇಷನ್ ಅಲ್ಲ.

ನಾರಿನಂಶ ಸರಿಮಾಡ್ಕೊಳ್ಳೋದು, ಡಾಕ್ಟರ್ ಹೇಳಿದ್ರೆ ಲೊಪೆರಮೈಡ್ (ಭೇದಿ ಕಮ್ಮಿ ಮಾಡೋ ಮಾತ್ರೆ), ಪೆಲ್ವಿಕ್ ಫ್ಲೋರ್ ವ್ಯಾಯಾಮ (ಗುದದ್ವಾರ, ಮೂತ್ರದ್ವಾರದ ಸುತ್ತಲಿನ ಸ್ನಾಯು ಬಿಗಿ ಹಿಡಿದು ಬಿಡೋದು), ಬಯೋಫೀಡ್‌ಬ್ಯಾಕ್ (ಸ್ನಾಯು ಎಷ್ಟು ಬಿಗಿ ಆಗ್ತಿದೆ ಅಂತ ಮಷೀನ್‌ನಲ್ಲಿ ನೋಡ್ಕೊಂಡು ಕಲಿಯೋದು), ಇವನ್ನ ಕೆಲವು ತಿಂಗಳು ನಿಜವಾಗ್ಲೂ ಮಾಡಿ ನೋಡಿ, ಎಷ್ಟೋ ಜನಕ್ಕೆ ಇಷ್ಟರಲ್ಲೇ ಕಮ್ಮಿಯಾಗತ್ತೆ. ಆಗ್ಲಿಲ್ಲ ಅಂದ್ರೆ ಕೊಲೊರೆಕ್ಟಲ್ ಸರ್ಜನ್, ಅಂದ್ರೆ ದೊಡ್ಡಕರುಳು-ಗುದದ ಆಪರೇಷನ್ ಮಾಡೋ ಡಾಕ್ಟರ್ ಹತ್ರ ಹೋಗಿ. ಸ್ನಾಯು ಹರಿದಿದ್ಯಾ ಅಂತ ನೋಡೋಕೆ ಗುದದ್ವಾರದ ಅಲ್ಟ್ರಾಸೌಂಡ್, ಬಿಗಿ ಎಷ್ಟಿದೆ ಅಂತ ಅಳೆಯೋಕೆ ಮ್ಯಾನೋಮೆಟ್ರಿ ಮಾಡ್ತಾರೆ. ಟೆಸ್ಟೇ ಇಲ್ದೆ ಆಪರೇಷನ್ ಡೇಟ್ ಕೊಟ್ರೆ ನಾನಂತೂ ಇನ್ನೊಬ್ಬ ಡಾಕ್ಟರ್‌ನ ಕೇಳದೆ ಒಪ್ಕೊಳ್ಳಲ್ಲ.

ಹೆರಿಗೇಲಿ ಸ್ನಾಯು ಹರಿದಿದ್ರೆ ಅದರ ಎರಡು ತುದಿ ಹುಡುಕಿ ಒಂದರ ಮೇಲೊಂದು ಇಟ್ಟು ಹೊಲೀತಾರೆ, ಸ್ಫಿಂಕ್ಟರೋಪ್ಲಾಸ್ಟಿ ಅಂತಾರೆ. ಶುರೂಲಿ ಚೆನ್ನಾಗಿದ್ರೂ ವರ್ಷ ಕಳೆದ ಹಾಗೆ ಹಿಡಿತ ಸಡಿಲ ಆಗ್ಬಹುದು, ಇದನ್ನ ಮುಂಚೇನೇ ಕೇಳಿ ತಿಳ್ಕೊಳ್ಳಿ. ಗುದನಾಳಾನೇ ಜಾರಿ ಹೊರಗೆ ಬರ್ತಿದ್ರೆ ರೆಕ್ಟೊಪೆಕ್ಸಿ, ಅಂದ್ರೆ ಅದನ್ನ ಮೇಲೆಳೆದು ಬೆನ್ನುಮೂಳೆಯ ಕೆಳಭಾಗಕ್ಕೆ ಕಟ್ಟೋದು. ಮೆಶ್ (ಆಧಾರಕ್ಕೆ ಒಳಗೆ ಇಡೋ ಬಲೆ) ಹಾಕ್ತಾರಾ, ಹಾಕಿದ್ರೆ ಮುಂದೆ ಏನ್ ತೊಂದ್ರೆ ಬರ್ಬಹುದು ಅಂತ ಕೇಳೋಕೆ ಸಂಕೋಚ ಬೇಡ.

ನನಗೆ ತುಂಬಾ ಸಮಾಧಾನ ಅನ್ನಿಸೋದು ಸೇಕ್ರಲ್ ನರ್ವ್ ಸ್ಟಿಮ್ಯುಲೇಷನ್, ಯಾಕಂದ್ರೆ ಇದನ್ನ ಮೊದಲು ಟ್ರೈ ಮಾಡಿ ನೋಡ್ಬಹುದು. ಸೊಂಟದ ಕೆಳಗಿನ ನರದ ಹತ್ರ ತೆಳು ವೈರ್ ಇಟ್ಟು ಒಂದೆರಡು ವಾರ ಹೊರಗಿನ ಮಷೀನ್‌ನಿಂದ ಸಣ್ಣ ಕರೆಂಟ್ ಕೊಡ್ತಾರೆ, ಸೋರೋದು ಕನಿಷ್ಠ ಅರ್ಧದಷ್ಟಾದ್ರೂ ಕಮ್ಮಿಯಾದ್ರೆ ಮಾತ್ರ ಬ್ಯಾಟರಿನ ಪೃಷ್ಠದ ಮೇಲ್ಭಾಗದ ಚರ್ಮದಡಿ ಇಡ್ತಾರೆ. ಅರ್ಧ ಆಯ್ತೋ ಇಲ್ವೋ ಅಂತ ಹೇಳೋದು ನೀವು ಬರೆದ ಡೈರೀನೇ, ಅದಕ್ಕೇ ಮೊದಲೇ ಬರೀರಿ ಅಂದಿದ್ದು, ಈ ಟ್ರಯಲ್ ನಡೆಯೋವಾಗ್ಲೂ ಬಿಡದೆ ಬರೀರಿ.

ಯಾವುದರಿಂದ್ಲೂ ಆಗ್ಲಿಲ್ಲ ಅಂದ್ರೆ ಕೊಲೊಸ್ಟಮಿ ಇದೆ, ಅಂದ್ರೆ ದೊಡ್ಡಕರುಳಿನ ತುದಿನ ಹೊಟ್ಟೆ ಮೇಲೆ ತಂದು ಮಲ ಅಲ್ಲಿಟ್ಟ ಬ್ಯಾಗ್‌ಗೆ ಬೀಳೋ ಹಾಗೆ ಮಾಡೋದು. ಕೇಳಿದ್ರೆ ಭಯ ಆಗತ್ತೆ, ಆದ್ರೆ ಮನೆಯಿಂದ ಹೊರಗೇ ಬರದವ್ರು ಅದರಿಂದ ಮತ್ತೆ ಓಡಾಡೋ ಹಾಗಾಗ್ಬಹುದು.

ಸ್ನಾಯುಗೆ ಹೊಲಿಗೆ ಹಾಕಿದ್ಮೇಲೆ ಮೊದಲ ವಾರಗಳಲ್ಲಿ ಮುಕ್ಕಲೇಬೇಡಿ, ಮೋಷನ್ ಮೆತ್ತಗಾಗೋಕೆ ಕೊಟ್ಟ ಔಷಧಿ ತಪ್ಪಿಸ್ಬೇಡಿ, ಭಾರ ಎತ್ಬೇಡಿ. ಜ್ವರ, ಕೀವು, ಜಾಸ್ತಿ ರಕ್ತ, ಮೂತ್ರ ಕಟ್ಕೊಂಡಿರೋದು, ಇದರಲ್ಲಿ ಯಾವುದಾದ್ರೂ ಕಂಡ್ರೆ ರಾತ್ರಿ ಆದ್ರೂ ಪರ್ವಾಗಿಲ್ಲ, ಕೂಡ್ಲೇ ಆಸ್ಪತ್ರೆಗೆ ಫೋನ್ ಮಾಡಿ.