ನೀರಿನಲ್ಲಿ ಎರಡು ಗುಂಡುಗಳ ನೂಕಾಟ ಅಳೆದದ್ದು

ಮೊದಲ ದಿನವೇ ಎಡವಿದೆ. ಒಂದೂವರೆ ಮೈಕ್ರಾನ್ ಅಗಲದ ಸಿಲಿಕಾ ಗುಂಡುಗಳನ್ನು ಅವಸರದಲ್ಲಿ ನಳದ ನೀರಿಗೇ ಹಾಕಿ ಸ್ಲೈಡ್ ಮಾಡಿದೆ. ಧಾರವಾಡದ ನಮ್ಮ ನಳಕ್ಕೆ ಬರುವುದು ಮಲಪ್ರಭೆ ನೀರು. ಕುಡಿಯಲಿಕ್ಕೆ ಅಡ್ಡಿಯಿಲ್ಲ, ಈ ಕೆಲಸಕ್ಕೆ ಮಾತ್ರ ಬೇಡ. ಸ್ವಲ್ಪ ಹೊತ್ತಿಗೇ ಗುಂಡುಗಳು ಗಾಜಿಗೆ ಅಂಟಿ ಕೂತಿದ್ದವು.

ಸಿಲಿಕಾ ನೀರಿಗೆ ಬಿದ್ದರೆ ಅದರ ಮೈಗೆ ಋಣ ಚಾರ್ಜ್ ಬರುತ್ತದೆ. ಹಾಗಾಗಿ ಗುಂಡುಗಳು ಒಂದನ್ನೊಂದು ನೂಕುತ್ತವೆ. ನಳದ ನೀರಿನ ಹಾಗೆ ನೀರಲ್ಲಿ ಲವಣ ಇದ್ದರೆ ಅದರ ಅಯಾನುಗಳು, ಅಂದರೆ ಚಾರ್ಜ್ ಹೊತ್ತ ಕಣಗಳು, ಸುತ್ತ ಮುತ್ತಿಕೊಂಡು ಚಾರ್ಜನ್ನು ಮರೆಮಾಡುತ್ತವೆ. ಲೀಟರಿಗೆ 58 ಮಿಲಿಗ್ರಾಂ ಉಪ್ಪು ಹಾಕಿದರೆ ಸಾಕು, ನೂಕಾಟ 10 ನ್ಯಾನೋಮೀಟರ್ ದಾಟುವಷ್ಟರಲ್ಲೇ ಸೊರಗುತ್ತದೆ. ಉಪ್ಪನ್ನು ಅದರ ನೂರನೇ ಒಂದು ಪಾಲಿಗೆ ಇಳಿಸಿದರೆ 100ರ ತನಕ ಹೋಗುತ್ತದೆ. ನಮ್ಮಜ್ಜಿ ಕೆರೆ ನೀರಲ್ಲಿ ಪಟಿಕ ತಿರುವುತ್ತಿದ್ದಳಲ್ಲ, ಅದೂ ಇದೇ ಜಾತಿಯ ಕೆಲಸ. ಎರಿಮಣ್ಣಿನ ಕಣಗಳ ಚಾರ್ಜ್ ಅಡಗಿತು, ಒಂದಕ್ಕೊಂದು ಅಂಟಿದವು, ತಳ ಸೇರಿದವು.

ಆಮೇಲೆ ಅಯಾನು ತೆಗೆದ ನೀರನ್ನೇ ಬಳಸಿದೆ. ಅದನ್ನೂ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಮತ್ತೆ ಅಯಾನು ಸೇರುತ್ತವೆ. ಅದಕ್ಕೇ ಸ್ಲೈಡಿನ ಅಂಚುಗಳನ್ನು ತಕ್ಷಣ ಮುಚ್ಚುತ್ತಿದ್ದೆ.

ಲೇಸರ್ ಬೆಳಕಲ್ಲಿ ಕಣ ಹಿಡಿಯುವ ಚಿಮಟ ನಮ್ಮಲ್ಲಿರಲಿಲ್ಲ. ಇದ್ದದ್ದು ಒಂದು ಮೈಕ್ರೋಸ್ಕೋಪು, ಒಂದು ಕ್ಯಾಮೆರಾ. ಅಷ್ಟರಲ್ಲೇ ಆಗುತ್ತದೆ. ಸಿಲಿಕಾ ಭಾರ, ಒಂದೆರಡು ನಿಮಿಷದಲ್ಲಿ ತಳಕ್ಕಿಳಿದು ಒಂದೇ ಪದರವಾಗುತ್ತದೆ. ನೀರಿನ ಅಣುಗಳ ಏಟಿಗೆ ಗುಂಡುಗಳು ಸದಾ ನಡುಗುತ್ತ ಓಡಾಡುತ್ತವೆ. ಗಂಟೆಗಟ್ಟಲೆ ವಿಡಿಯೋ ತೆಗೆದು, ಪ್ರತಿ ಫ್ರೇಮಿನಲ್ಲಿ ಜೋಡಿಗಳ ದೂರವನ್ನು ಕಂಪ್ಯೂಟರ್ ಪ್ರೋಗ್ರಾಮಿನಿಂದ ಅಳೆದು, ಯಾವ ದೂರದಲ್ಲಿ ಎಷ್ಟು ಸಿಕ್ಕವೆಂದು ಎಣಿಸಬೇಕು. ಯಾವ ದೂರದಲ್ಲಿ ಅವು ಕಡಿಮೆ ಸಿಗುತ್ತವೋ ಅಲ್ಲಿ ನೂಕಾಟ ಜಾಸ್ತಿ. ಆ ಎಣಿಕೆಯ ಲಾಗರಿದಮ್‌ನಿಂದ ಶಕ್ತಿ ಸಿಗುತ್ತದೆ, ಶಕ್ತಿಯ ಇಳಿಜಾರೇ ಬಲ. ಗುಂಡುಗಳು ವಿರಳವಾಗಿರಬೇಕು, ಇಲ್ಲದಿದ್ದರೆ ಜೋಡಿಯ ನಡುವೆ ಮೂರನೆಯದು ಬಾಯಿ ಹಾಕುತ್ತದೆ. ನನಗೆ ಬಂದದ್ದು ಸುಮಾರು 0.04 ಪೈಕೋನ್ಯೂಟನ್. ಒಂದು ಜೋಳದ ಕಾಳಿನ ತೂಕವನ್ನು 700 ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹೆಚ್ಚುಕಡಿಮೆ ಅಷ್ಟು.

ದೂರಕ್ಕೆ ತಕ್ಕಂತೆ ಶಕ್ತಿ ತೋರಿಸುವ ಗ್ರಾಫಿನಲ್ಲಿ ಇನ್ನೊಂದು ಕಂಡಿತು. ನೂಕಾಟ ಮುಗಿಯುವ ದೂರದಾಚೆ ಸಣ್ಣದೊಂದು ತಗ್ಗು. ಅಂದರೆ ಎರಡೂ ಋಣವಾಗಿದ್ದರೂ ಒಂದನ್ನೊಂದು ಎಳೆಯುತ್ತಿವೆ! 1990ರ ದಶಕದಲ್ಲಿ ಗಾಜಿನ ಹತ್ತಿರ ಹೀಗಾಗುತ್ತದೆಂಬ ವರದಿಗಳು ಬಂದಿದ್ದವು, ಹಾಗಾಗಿ ನನಗೆ ಖುಷಿಯೋ ಖುಷಿ. ಗೈಡ್ ಸರ್ ಗ್ರಾಫ್ ನೋಡಿ, "ಖರೇನ ಜಗ್ಗತಾವೇನು, ಇಲ್ಲಾ ನಿನ್ನ ಪ್ರೋಗ್ರಾಮ್ ಜಗ್ಗತೈತೋ?" ಅಂದರು.

ಸಿಟ್ಟು ಬಂತು. ಆದರೂ ಪರೀಕ್ಷಿಸಿದೆ. ಒಂಟಿ ಗುಂಡಿನ ಚಿತ್ರ ಕತ್ತರಿಸಿ, ಕಂಪ್ಯೂಟರಿನಲ್ಲಿ ಎರಡು ಪ್ರತಿಗಳನ್ನು ಗೊತ್ತಿರುವ ದೂರದಲ್ಲಿ ಅಂಟಿಸಿ, ಪ್ರೋಗ್ರಾಮಿಗೆ ಕೊಟ್ಟೆ. ಹತ್ತಿರ ಇಟ್ಟಾಗ ಅದು ಹತ್ತಾರು ನ್ಯಾನೋಮೀಟರ್ ತಪ್ಪು ಹೇಳಿತು. ಪ್ರತಿ ಗುಂಡಿನ ಸುತ್ತ ಮಬ್ಬು ಬೆಳಕಿನ ಉಂಗುರಗಳಿರುತ್ತವೆ. ಪಕ್ಕದ ಗುಂಡಿನ ಉಂಗುರ ಮೇಲೆ ಬಿದ್ದರೆ ಲೆಕ್ಕದಲ್ಲಿ ನಡುಬಿಂದು ಸರಿಯುತ್ತದೆ. 2005ರಲ್ಲೇ ಇದನ್ನು ತೋರಿಸಿದ್ದರು, ನಾನು ಓದಿರಲಿಲ್ಲ ಅಷ್ಟೇ. ತಪ್ಪು ತಿದ್ದಿ ಹಳೆಯ ವಿಡಿಯೋಗಳನ್ನೆಲ್ಲ ಮತ್ತೆ ಓಡಿಸಿದೆ. ತಗ್ಗು ಹೋಯಿತು, ನೂಕಾಟ ಮಾತ್ರ ಉಳಿಯಿತು. ಈಗ ಲೆನ್ಸ್ ಬದಲಾಯಿಸಿದಾಗಲೆಲ್ಲ ಮೊದಲು ಈ ಅಂಟಿಸಿದ ಜೋಡಿಗಳನ್ನೇ ಓಡಿಸುತ್ತೇನೆ.